ಹಳೆ ಇಂಕ್ ಪೆನ್ನಿಗೆ ಹೊಸ ಕೆಲಸ: ಯಾವುದಕ್ಕೆ ಯಾವ ಪೆನ್ನು?

ಹಳೆ ಇಂಕ್ ಪೆನ್ನಿನಲ್ಲಿ ಬರೆಯುವುದು ಬಿಟ್ಟು ಬೇರೆ ಏನಾದರೂ ಮಾಡಬೇಕು ಅಂತ ಇದ್ದೀರಾ? ಸ್ಕೆಚ್ಚು, ಅಕ್ಷರ ಕಲೆ, ಗೆರೆಯ ಮೇಲೆ ನೀರಿನ ಬ್ರಷ್ ಓಡಿಸಿ ನೆರಳು ತರುವುದು, ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಗೀಚುವುದು, ನಿಬ್ಬಿನ ಮೂತಿ ಬಗ್ಗಿಸಿ ದಪ್ಪ ಗೆರೆ ಎಳೆಯುವುದು, ಹೀಗೆ. ಹಾಗಿದ್ದರೆ ಮೊದಲೇ ಒಂದು ಮಾತು. ನಿಬ್ಬು ನೋಡಿ ಪೆನ್ನು ಆರಿಸಬೇಡಿ. ಬಿಚ್ಚಿ ತೊಳೆಯೋಕೆ ಎಷ್ಟು ಸುಲಭ ಅಂತ ನೋಡಿ ಆರಿಸಿ.

ಎಲ್ಲರೂ ನಿಬ್ಬಿನ ಹಿಂದೆಯೇ ಬೀಳುತ್ತಾರೆ. ಚಿನ್ನದ್ದಾ, ಬಳುಕುತ್ತಾ, ಒತ್ತಿದರೆ ಎಷ್ಟು ಅಗಲ ತೆರೆದುಕೊಳ್ಳುತ್ತೆ. ಸಾದಾ ಬರವಣಿಗೆಗೆ ಆ ಲೆಕ್ಕ ಸರಿ. ಆದರೆ ನೀವು ಒಳಗೆ ಹಾಕಲು ಹೊರಟಿರುವುದು ಕಪ್ಪು ಕಣ ತುಂಬಿದ ನೀರು ನಿರೋಧಕ ಶಾಯಿ, ಅಥವಾ ಮನೆಯಲ್ಲೇ ಕಾಯಿಸಿದ್ದು ಏನೋ. ಅದು ಒಣಗಿ ಕಟ್ಟಿಕೊಂಡ ದಿನ ಆ ಚಿನ್ನದ ನಿಬ್ಬಿನಿಂದ ಏನೂ ಉಪಯೋಗವಿಲ್ಲ. ನಿಬ್ಬನ್ನೂ ಅದರ ಕೆಳಗೆ ಶಾಯಿ ಹರಿಸುವ ಫೀಡನ್ನೂ ಕೈಯಲ್ಲೇ ಎಳೆದು ತೆಗೆದು ನಲ್ಲಿ ಕೆಳಗೆ ಹಿಡಿಯಲು ಬರುತ್ತದೆ ಅಂದರೆ ಆ ಪೆನ್ನಿಗೆ ಕಣದ ಶಾಯಿಯನ್ನೂ ಕುಡಿಸಬಹುದು. ಬರುವುದಿಲ್ಲ ಅಂದರೆ ಸಾದಾ ಶಾಯಿಗಿಂತ ಮುಂದೆ ಹೋಗಬೇಡಿ. ಕೆಳಗೆ ಬರುವ ಎಲ್ಲ ಹೋಲಿಕೆಯೂ ಈ ಒಂದು ಲೆಕ್ಕದ ಮೇಲೇ ನಿಂತಿದೆ.

ಎಬೋನೈಟ್ ಡ್ರಾಪರ್ ಪೆನ್ನು: ನನ್ನ ಮೊದಲ ಆಯ್ಕೆ

ನಮ್ಮ ದೇಶದಲ್ಲೇ ಲೇತಿನ ಮೇಲೆ ಕಡೆದು ಮಾಡುತ್ತಿದ್ದ, ಈಗಲೂ ಮಾಡುತ್ತಿರುವ ಪೆನ್ನು ಇದು. 1935ರಲ್ಲಿ ಗಾಂಧೀಜಿ ಮೆಚ್ಚಿ ಪತ್ರ ಬರೆದ ರಾಜಮಂಡ್ರಿಯ ರತ್ನಂ ಪೆನ್ನು, ಹೈದರಾಬಾದಿನ ಡೆಕ್ಕನ್, ಇನ್ನೂ ಹೆಸರೇ ಕೆತ್ತದ ಎಷ್ಟೋ ಪೆನ್ನುಗಳು ಇದೇ ಕುಲದವು. ಹಿಂದಿನ ಭಾಗ ತಿರುಗಿಸಿ ಬಿಚ್ಚುವುದು, ಫಿಲ್ಲರಿನಲ್ಲಿ ಶಾಯಿ ಬಿಡುವುದು, ಮುಚ್ಚುವುದು. ಅಷ್ಟೇ. ಒಳಗೆ ರಬ್ಬರ್ ಚೀಲ ಇಲ್ಲ, ಸ್ಪ್ರಿಂಗ್ ಇಲ್ಲ, ಕಬ್ಬಿಣದ ಪಟ್ಟಿ ಇಲ್ಲ. ಹಾಳಾಗುವಂಥದ್ದೇ ಇಲ್ಲ ಅಂದರೂ ಆದೀತು.

ಎಬೋನೈಟ್ ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಹೆಬ್ಬೆರಳಿನಲ್ಲಿ ಜೋರಾಗಿ ಉಜ್ಜಿ ಮೂಗಿನ ಹತ್ತಿರ ಹಿಡಿದರೆ ಗಂಧಕದ ವಾಸನೆ ಬರುತ್ತದೆ, ಗುರುತಿಗೆ ಅದೇ ಸಾಕು. ಹುಳಿ ಶಾಯಿಗೂ ಕ್ಷಾರದ ಶಾಯಿಗೂ ಬೇಗ ಬಗ್ಗುವುದಿಲ್ಲ. ಇದರ ಶತ್ರು ಎರಡೇ: ಬಿಸಿಲು ಮತ್ತು ಬಿಸಿನೀರು. ಕಿಟಕಿಯಲ್ಲಿಟ್ಟರೆ ಕಪ್ಪು ಪೆನ್ನು ನಿಧಾನವಾಗಿ ಕಂದು ಹಸಿರಿಗೆ ತಿರುಗುತ್ತದೆ. ಬಿಸಿನೀರಿನಲ್ಲಿ ನೆನೆಸಿದರೆ ಅದೇ ಕೆಲಸ ಒಂದೇ ರಾತ್ರಿಯಲ್ಲಿ ಆಗುತ್ತದೆ. ಹಾಗಾಗಿ ತಣ್ಣೀರು ಮಾತ್ರ.

ತೊಳೆಯುವಾಗ ನಿಬ್ಬು ಮತ್ತು ಫೀಡು ಎರಡನ್ನೂ ಒಟ್ಟಿಗೆ, ಹಳೆ ಬಟ್ಟೆಯಲ್ಲಿ ಹಿಡಿದು, ನೇರವಾಗಿ ಎಳೆಯಿರಿ. ತಿರುಗಿಸಬೇಡಿ. ಬರದಿದ್ದರೆ ಒಂದು ದಿನ ತಣ್ಣೀರಲ್ಲಿ ನಿಬ್ಬಿನ ತುದಿ ಮಾತ್ರ ಮುಳುಗಿಸಿಟ್ಟು ಮತ್ತೆ ನೋಡಿ. ಹೊರಗೆ ಬಂದ ಮೇಲೆ ಫೀಡಿನ ಮೇಲಿನ ಸಣ್ಣ ಗೀರನ್ನು ಹಳೆ ಟೂತ್‌ಬ್ರಷ್ಷಿನಿಂದ ಉಜ್ಜಿ. ಶಾಯಿ ಹರಿಯುವುದು ಅದರಲ್ಲೇ, ಕಟ್ಟಿಕೊಳ್ಳುವುದೂ ಅಲ್ಲೇ. ಎಬೋನೈಟಿನ ಫೀಡು ಪ್ಲಾಸ್ಟಿಕ್ಕಿನದಕ್ಕಿಂತ ಶಾಯಿಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಅದಕ್ಕೇ ಈ ಪೆನ್ನುಗಳ ಗೆರೆ ಯಾವಾಗಲೂ ಹಸಿ ಹಸಿಯಾಗಿ ಬೀಳುತ್ತದೆ, ಮತ್ತು ಸ್ಕೆಚ್ಚಿಗೆ ಬೇಕಾದ್ದು ಅದೇ.

ದೋಷವೂ ಇದೆ. ಶಾಯಿ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದಾಗ ಒಳಗಿನ ಗಾಳಿ ಕೈಯ ಬಿಸಿಗೆ ಹಿಗ್ಗಿ, ನಿಬ್ಬಿನಿಂದ ಒಂದು ದೊಡ್ಡ ಹನಿಯನ್ನು ಹೊರಗೆ ತಳ್ಳುತ್ತದೆ. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನ ಕಡೆ ಕೂತು ಚಿತ್ರ ಬಿಡಿಸುವವರು ಇದಕ್ಕೆ ಸಿದ್ಧರಾಗಿಯೇ ಇರಬೇಕು. ಪರಿಹಾರ ಸುಲಭ, ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡದೆ ತುಂಬಿಸುತ್ತಾ ಇರಿ. ತಿರುಗಿಸಿ ಮುಚ್ಚುವ ತಿರುಪಿನ ಸುತ್ತಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ಬೆರಳೆಲ್ಲ ನೀಲಿ. ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಡಿ, ಅದು ರಬ್ಬರಿಗೆ ಒಳ್ಳೆಯದಲ್ಲ.

ಇದರ ಇನ್ನೊಂದು ದೊಡ್ಡ ಅನುಕೂಲ, ನಿಬ್ಬು ಅಗ್ಗ. ಈ ಪೆನ್ನುಗಳಿಗೆ ಹೆಚ್ಚಾಗಿ ಬರುವ ಆಂಬಿಷಿಯಸ್ ಸ್ಟೀಲ್ ನಿಬ್ಬು ಹಾಳಾದರೆ ಇನ್ನೊಂದು ಹಾಕಿಕೊಂಡರಾಯಿತು. ಬಗ್ಗಿಸುವ, ಉಜ್ಜುವ, ಕತ್ತರಿಸುವ ಪ್ರಯೋಗಕ್ಕೆಲ್ಲ ಇದಕ್ಕಿಂತ ಒಳ್ಳೆ ಬಲಿಪಶು ಸಿಗುವುದಿಲ್ಲ.

ಲಿವರ್ ಪೆನ್ನು: ಸುಂದರಿ, ಆದರೆ ನಾಜೂಕು

ವಾಟರ್‌ಮನ್ 52, ಸ್ವಾನ್, ಹಳೆ ಶೆಫರ್, ಕಾನ್ವೇ ಸ್ಟುವರ್ಟ್. ಪಕ್ಕದಲ್ಲಿ ಪುಟ್ಟ ಲೋಹದ ಸನ್ನೆ, ಎತ್ತಿದರೆ ಒಳಗಿನ ರಬ್ಬರ್ ಚೀಲ ಒತ್ತಿಕೊಂಡು, ಬಿಟ್ಟರೆ ಶಾಯಿ ಹೀರುತ್ತದೆ. ಬಳುಕುವ ಚಿನ್ನದ ನಿಬ್ಬು ಅಂತ ಜನ ಹುಚ್ಚೆದ್ದು ಹುಡುಕುವುದು ಇವುಗಳನ್ನೇ. ಒತ್ತಿದರೆ ಅಗಲ, ಬಿಟ್ಟರೆ ಕೂದಲಿನಷ್ಟು ತೆಳು. ಆ ನಿಬ್ಬಿನಲ್ಲಿ ಒಂದು ಗೆರೆ ಎಳೆದವರಿಗೆ ಅದರ ಗುಂಗು ಬಿಡುವುದಿಲ್ಲ, ಒಪ್ಪುತ್ತೇನೆ.

ಆದರೂ ಇವುಗಳಲ್ಲಿ ವಿಚಿತ್ರ ಶಾಯಿ ಬೇಡ. ಚೀಲದ ಒಳಮೈಗೆ ಏನು ಅಂಟಿದೆ ಅಂತ ನಿಮಗೆ ಕಾಣುವುದಿಲ್ಲ. ಬ್ರಷ್ ಹಾಕಿ ಉಜ್ಜಲು ಬರುವುದಿಲ್ಲ. ಚೀಲ ತೆಗೆಯಬೇಕು ಅಂದರೆ ಹಿಡಿಕೆ ಭಾಗವನ್ನು ಹದವಾಗಿ ಬಿಸಿ ಮಾಡಿ ಬಿಚ್ಚಬೇಕು, ಅರಗಿನಿಂದ ಮತ್ತೆ ಅಂಟಿಸಬೇಕು. ಸೆಲ್ಯುಲಾಯ್ಡ್ ಪೆನ್ನಾಗಿದ್ದರೆ ಬೆಂಕಿಯ ಹತ್ತಿರವೂ ಸುಳಿಯಬಾರದು, ಅದು ಹತ್ತಿಕೊಂಡು ಉರಿಯುವ ವಸ್ತು. ಅದನ್ನು ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ, ಏಕೆಂದರೆ ಮಾಡುವಾಗ ಹಾಕುವುದು ಕರ್ಪೂರವನ್ನೇ. ಸ್ಪಿರಿಟ್ಟು, ಅಸಿಟೋನು ಸೋಕಿದರೆ ಕರಗುತ್ತದೆ.

ಕಾನ್ವೇ ಸ್ಟುವರ್ಟಿನ ಬಣ್ಣಬಣ್ಣದ ಕೆಲವು ಮಾದರಿಗಳು ಕೇಸೀನಿನವು, ಅಂದರೆ ಹಾಲಿನ ಪ್ರೋಟೀನಿನಿಂದ ಮಾಡಿದ್ದು. ನೀರಲ್ಲಿ ನೆನೆಸಿದರೆ ಉಬ್ಬುತ್ತವೆ. ಗೊತ್ತಿರುವ ಒಬ್ಬರ ಪೆನ್ನನ್ನು ರಿಪೇರಿಯವರೊಬ್ಬರು ರಾತ್ರಿಯಿಡೀ ಲೋಟದಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ‘ಏನೋ ಆಗಿದೆ ಸಾರ್’ ಅಂದಿದ್ದರಂತೆ. ಏನಾಗಿತ್ತು ಅಂದರೆ, ಮುಚ್ಚಳ ಒಳಗೆ ಹೋಗುತ್ತಲೇ ಇರಲಿಲ್ಲ.

ಹಾಗಾದರೆ ಈ ಪೆನ್ನಿಗೆ ಬೇರೆ ಕೆಲಸ ಏನೂ ಇಲ್ಲವಾ? ಇದೆ. ಚೀಲ ಒಣಗಿ ಪುಡಿಯಾದ ಲಿವರ್ ಪೆನ್ನು ನಿಮ್ಮ ಹತ್ತಿರ ಇದ್ದರೆ ಅದನ್ನು ರಿಪೇರಿಗೆ ಕೊಡುವ ಮೊದಲು ಅದ್ದುವ ಪೆನ್ನಾಗಿ ಬಳಸಿ ನೋಡಿ. ಬರೀ ನಿಬ್ಬಾದರೆ ಒಮ್ಮೆ ಅದ್ದಿದರೆ ಕೆಲವೇ ಪದ. ಇದರಲ್ಲಿ ಫೀಡೂ ಇರುವುದರಿಂದ ಶಾಯಿ ಅದರ ಸಂದಿಯಲ್ಲಿ ನಿಂತು, ಒಮ್ಮೆ ಅದ್ದಿದರೆ ಹಲವು ಸಾಲು ಬರುತ್ತದೆ. ಬಾಟಲಿಗಳನ್ನು ಸಾಲಾಗಿಟ್ಟುಕೊಂಡು, ನೀರಲ್ಲಿ ಜಾಲಾಡಿ, ಒರೆಸಿ, ಮುಂದಿನ ಬಣ್ಣಕ್ಕೆ ಹೋಗಬಹುದು. ಸತ್ತ ಪೆನ್ನು ಬದುಕಿರುವ ಪೆನ್ನಿಗಿಂತ ಜಾಸ್ತಿ ಬಣ್ಣ ಕಾಣುತ್ತದೆ.

ಒತ್ತುವುದರಲ್ಲಿ ಮಾತ್ರ ದುರಾಸೆ ಬೇಡ. ಚಿನ್ನಕ್ಕೆ ಒಂದು ಮಿತಿಯಿದೆ. ಅದನ್ನು ದಾಟಿದ ನಿಬ್ಬಿನ ಎರಡು ಎಸಳೂ ಮತ್ತೆ ಕೂಡುವುದಿಲ್ಲ. ನೆಟ್ಟಗೆ ಮಾಡುವವರು ಇದ್ದಾರೆ, ಆದರೆ ಅವರ ಕೂಲಿಗೆ ಇನ್ನೊಂದು ಪೆನ್ನೇ ಬಂದೀತು.

ಎಸ್ಟರ್‌ಬ್ರುಕ್ ಮತ್ತು ಪಾರ್ಕರ್ 45: ಬಿಚ್ಚಿ ಜೋಡಿಸುವವರಿಗೆ

ಇವೆರಡನ್ನೂ ಒಟ್ಟಿಗೆ ಹೇಳುತ್ತೇನೆ, ಏಕೆಂದರೆ ಎರಡರಲ್ಲೂ ನಿಬ್ಬು ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ.

ಎಸ್ಟರ್‌ಬ್ರುಕ್ ಜೆ ಅಮೆರಿಕದ ಅಗ್ಗದ ಶಾಲಾ ಪೆನ್ನು, 1940ರ ದಶಕದ್ದು. ಅದರ ಜಾಣತನ ಇರುವುದು ನಿಬ್ಬಿನಲ್ಲಿ. ನಿಬ್ಬು, ಫೀಡು ಸೇರಿದ ಒಂದು ತುಂಡು ಬಲ್ಬಿನ ಹಾಗೆ ತಿರುಗಿಸಿ ಹಾಕುವುದು. ಪ್ರತಿ ತುಂಡಿಗೂ ನಾಲ್ಕಂಕಿಯ ನಂಬರು. 2312 ಅಂದರೆ ಚಪ್ಪಟೆ ತುದಿಯ ಇಟಾಲಿಕ್, 2284 ಅಂದರೆ ಮೂಲೆ ದುಂಡಗಿನ ಅಗಲ ಸ್ಟಬ್, 9128 ಅಂದರೆ ಬಳುಕುವ ಸಣ್ಣ ನಿಬ್ಬು. ಒಂದೇ ಪೆನ್ನು ಇಟ್ಟುಕೊಂಡು ಅಕ್ಷರಕ್ಕೊಂದು, ಗೆರೆಗೊಂದು, ಸಹಿಗೊಂದು ನಿಬ್ಬು ಬದಲಿಸಬಹುದು. ಬಳುಕಿನ ವಿಷಯದಲ್ಲಿ ಮಾತ್ರ ವಾಟರ್‌ಮನ್ 52ರ ಜೊತೆ ಹೋಲಿಸಬೇಡಿ. ಇದು ಸ್ಟೀಲು, ಕೈ ನೋಯುವಷ್ಟು ಒತ್ತಬೇಕು. ಮೈ ಒಳಗೆ ಇದಕ್ಕೂ ರಬ್ಬರ್ ಚೀಲವೇ. ಹಾಗಾಗಿ ನೀರು ನಿರೋಧಕ ಶಾಯಿ ಹಾಕುವುದಾದರೆ ನಿಬ್ಬು ಬಿಚ್ಚಿ, ಆ ತೂತಿನಿಂದಲೇ ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ಹೊಡೆದು ಚೀಲ ತೊಳೆಯಿರಿ. ಬೇರೆ ಲಿವರ್ ಪೆನ್ನಿನಲ್ಲಿ ಇಷ್ಟೂ ಆಗುವುದಿಲ್ಲ.

ಪಾರ್ಕರ್ 45 ಬಂದದ್ದು 1960ರಲ್ಲಿ. ನೋಡಲು ಏನೂ ವಿಶೇಷವಿಲ್ಲ, ಅದಕ್ಕೇ ಹಳೆ ಪೆನ್ನಿನ ಲೋಕದಲ್ಲಿ ಅಗ್ಗ. ಕಾರ್ಟ್ರಿಡ್ಜ್ (ಶಾಯಿ ತುಂಬಿಯೇ ಬರುವ ಕೊಳವೆ) ಅಥವಾ ಕನ್ವರ್ಟರ್ (ನಾವೇ ಶಾಯಿ ತುಂಬಿಸಿಕೊಳ್ಳುವ ಕೊಳವೆ) ಹಾಕುವ ಪೆನ್ನು. ನಿಬ್ಬು, ಫೀಡು, ಅದರ ಸುತ್ತಲಿನ ತೊಟ್ಟಿ ಎಲ್ಲ ಒಟ್ಟಿಗೆ ತಿರುಗಿಸಿ ಹೊರಗೆ ತೆಗೆಯಬಹುದು. ಹಳೆ ಪೆನ್ನೇ ಬೇಕು, ಪ್ಲಾಟಿನಂ ಕಾರ್ಬನ್ನಿನಂಥ ಕಣದ ಶಾಯಿಯೂ ಬೇಕು, ಪೆನ್ನು ಸೋರಲೂ ಬಾರದು ಅನ್ನುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಪೂರ್ತಿ ಕಟ್ಟಿಕೊಂಡರೂ ಕನ್ವರ್ಟರ್ ಎಸೆದು ಹೊಸದು ಹಾಕಿದರಾಯಿತು. ಎಬೋನೈಟ್ ಪೆನ್ನನ್ನು ಬಸ್ಸಿನಲ್ಲಿ ಜೇಬಿಗೆ ಸಿಕ್ಕಿಸಿಕೊಂಡು ಹೋಗಲು ನನಗೆ ಧೈರ್ಯವಿಲ್ಲ, ಇದನ್ನು ಸಿಕ್ಕಿಸಿಕೊಳ್ಳಬಹುದು.

ಪಾರ್ಕರ್ 51, ಹೀರೋ, ಮತ್ತು ಮುಟ್ಟಲೇಬಾರದ 61

ಹೀರೋ ಪೆನ್ನು ಗೊತ್ತಿಲ್ಲದವರು ಕಡಿಮೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಅಪ್ಪ ಕೊಡಿಸುತ್ತಿದ್ದ, ನಿಬ್ಬಿನ ತುದಿ ಮಾತ್ರ ಇಣುಕುತ್ತಿದ್ದ, ಹೊಳೆಯುವ ಮುಚ್ಚಳದ ಶಾಂಘೈ ಪೆನ್ನು. ಶಾಲೆಯ ಕೊನೆ ದಿನ ಗೆಳೆಯರ ಬಿಳಿ ಅಂಗಿಗೆ ಶಾಯಿ ಎರಚಿದ್ದೂ ಅದರಲ್ಲೇ. ಇಂಕ್ ಪೆನ್ನಿನ ವಿಚಿತ್ರ ಬಳಕೆ ಅಂತ ಪಟ್ಟಿ ಮಾಡಿದರೆ ನಮ್ಮಲ್ಲಿ ಮೊದಲ ಸ್ಥಾನ ಅದಕ್ಕೇ ಸಲ್ಲಬೇಕು. ಆ ಹೀರೋ 616, 329ರ ರೂಪಕ್ಕೆ ಮೂಲ 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51.

51ರ ನಿಬ್ಬು ಗೂಡಿನೊಳಗೆ ಅಡಗಿರುವುದರಿಂದ ಬೇಗ ಒಣಗುವುದಿಲ್ಲ. ಮುಚ್ಚಳ ತೆರೆದಿಟ್ಟು, ಎದುರಿನ ಮರವನ್ನೋ ದೇವಸ್ಥಾನವನ್ನೋ ಒಂದು ನಿಮಿಷ ನೋಡಿ ಮತ್ತೆ ಗೆರೆ ಎಳೆದರೆ ಹಾಗೇ ಹೊರಡುತ್ತದೆ. ಎತ್ತದೆ ಒಂದೇ ಗೆರೆಯಲ್ಲಿ ಚಿತ್ರ ಬಿಡಿಸುವವರಿಗೆ ಇದು ಒಳ್ಳೆಯ ಗುಣ. 1948ರ ನಂತರದ ಮಾದರಿಗಳಲ್ಲಿ ಒತ್ತಿ ತುಂಬಿಸುವ ಚೀಲವಿದೆ, ಅದು ರಬ್ಬರಲ್ಲ, ಹಾಗಾಗಿ ಇಂದಿಗೂ ಎಷ್ಟೋ ಪೆನ್ನಿನಲ್ಲಿ ಮೂಲ ಚೀಲವೇ ಕೆಲಸ ಮಾಡುತ್ತಿದೆ. ಆದರೆ ಗೆರೆ ಒಂದೇ ದಪ್ಪ. ಒತ್ತಿದರೂ ಅಷ್ಟೇ, ಮಲಗಿಸಿದರೂ ಅಷ್ಟೇ. ಗೂಡಿನೊಳಗಿನ ಬಾಚಣಿಗೆಯಂಥ ತೊಟ್ಟಿಯಲ್ಲಿ ಕಣದ ಶಾಯಿ ಕೂತರೆ ಬಿಚ್ಚಲು ಬಿಸಿ ಮಾಡಬೇಕು. ಸಾದಾ ಶಾಯಿಯ ಸ್ಕೆಚ್ಚಿಗೆ ಇಟ್ಟುಕೊಳ್ಳಿ, ಬೇರೆ ಪ್ರಯೋಗ ಹೀರೋ ಮೇಲೆ ಮಾಡಿ.

1956ರ ಪಾರ್ಕರ್ 61 ನೋಡಲು 51ರ ತಮ್ಮ. ಒಳಗೆ ಬೇರೆಯೇ ಕಥೆ. ಹಿಂದಿನ ತುದಿಯನ್ನು ಶಾಯಿಯಲ್ಲಿ ನಿಲ್ಲಿಸಿದರೆ ತಾನಾಗಿಯೇ ಹೀರಿಕೊಳ್ಳುವ ಕ್ಯಾಪಿಲರಿ ವ್ಯವಸ್ಥೆ ಇದರ ಮೊದಲ ಮಾದರಿಗಳಲ್ಲಿ ಇದೆ. ಒಳಗೆ ಸುರುಳಿ ಸುತ್ತಿದ ಸಂದಿಗಳು. ಸಾದಾ ನೀಲಿ ಶಾಯಿ ಒಣಗಿದರೂ ಪೂರ್ತಿ ಬಿಡಿಸಲು ದಿನಗಟ್ಟಲೆ ನೆನೆಸಬೇಕು. ಬೇರೆ ಏನನ್ನೂ ಹಾಕಬೇಡಿ. ಶೆಫರ್ ಸ್ನಾರ್ಕೆಲ್ಲಿಗೂ (1952) ಇದೇ ಮಾತು. ನಿಬ್ಬಿನ ಕೆಳಗಿನಿಂದ ಸೊಳ್ಳೆಯ ಸೊಂಡಿಲಿನಂತೆ ಸಣ್ಣ ಕೊಳವೆ ಹೊರಬಂದು ಶಾಯಿ ಹೀರುವುದನ್ನು ನೋಡುವುದೇ ಒಂದು ಮಜಾ, ಬಾಟಲಿಯ ತಳದಲ್ಲಿ ಉಳಿದ ಶಾಯಿಗೂ ಮುಟ್ಟುತ್ತದೆ. ಆದರೆ ಆ ಕೊಳವೆ ಕಟ್ಟಿಕೊಂಡರೆ ಬಿಡಿಸುವ ಕೆಲಸ ನಿಮ್ಮದಲ್ಲ.

ಹಿಂಬದಿ ತಿರುಗಿಸಿ ಶಾಯಿ ಹೀರಿಸುವ ಪಿಸ್ಟನ್ ಪೆನ್ನಿನ ಬಗ್ಗೆ ಎರಡೇ ಮಾತು. 1950ರ ದಶಕದ ಪೆಲಿಕಾನ್ 400ರ ನಿಬ್ಬು ತಿರುಗಿಸಿ ಬಿಚ್ಚಬಹುದು, ಸ್ಕೆಚ್ಚಿಗೆ ಬೇಕಾದಷ್ಟು ಶಾಯಿ ಹಿಡಿಯುತ್ತದೆ, ಸಾದಾ ಶಾಯಿಗೆ ಸೊಗಸು. ಅದಕ್ಕಿಂತ ಹಳೆಯದಾದ ಮಾದರಿಗಳಲ್ಲಿ ಪಿಸ್ಟನ್ನಿನ ತುದಿ ಕಾರ್ಕಿನದು, ಒಣಗಿದ್ದಾಗ ತಿರುಗಿಸಿದರೆ ಹರಿಯುತ್ತದೆ. ಚಿತ್ರಕ್ಕೆ ಕಪ್ಪು ಇಂಡಿಯನ್ ಇಂಕೇ ಬೇಕು ಅನ್ನುವವರು ಪೆಲಿಕಾನ್ ಗ್ರಾಫೋಸ್ ಹುಡುಕಿ. 1930ರ ದಶಕದಲ್ಲಿ ನಕ್ಷೆ ಬಿಡಿಸುವವರಿಗೆಂದೇ ಬಂದದ್ದು, ನಿಬ್ಬು ಪಕ್ಕಕ್ಕೆ ತೆರೆದು ಒರೆಸುವ ಹಾಗಿದೆ. ಮಿಕ್ಕ ಯಾವ ಫೌಂಟನ್ ಪೆನ್ನಿಗೂ ಇಂಡಿಯನ್ ಇಂಕು ಸಲ್ಲದು. ಅದರಲ್ಲಿ ಅರಗು, ಅಂಟು ಇರುತ್ತದೆ, ಒಣಗಿದರೆ ಗಾರೆ ಹಾಕಿದಂತೆಯೇ.

ಕನ್ನಡ ಅಕ್ಷರಕ್ಕೆ ಬಳುಕುವ ನಿಬ್ಬಾ, ಕಟ್ ನಿಬ್ಬಾ?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಎಲ್ಲರೂ ಇಂಗ್ಲಿಷ್ ಬರವಣಿಗೆಯ ವಿಡಿಯೋ ನೋಡಿ ದುಡ್ಡು ಕಳೆದುಕೊಳ್ಳುತ್ತಾರೆ.

ಬಳುಕುವ ನಿಬ್ಬು ಕೆಲಸ ಮಾಡುವುದು ಕೆಳಗೆ ಎಳೆಯುವಾಗ ಮಾತ್ರ. ಓರೆಯಾಗಿ ಬರೆಯುವ ಇಂಗ್ಲಿಷ್ ಕೂಡಕ್ಷರದಲ್ಲಿ ಕೆಳಗಿಳಿಯುವ ಗೆರೆಯೆಲ್ಲ ದಪ್ಪ, ಮೇಲೇರುವುದೆಲ್ಲ ತೆಳು. ಅಲ್ಲಿಗೆ ಅದು ಸರಿಹೊಂದುತ್ತದೆ. ನಮ್ಮ ‘ರ’ ಬರೆದು ನೋಡಿ. ಎಡಗಡೆ ಇಳಿಯುತ್ತೀರಿ, ಅಲ್ಲಿ ಒತ್ತಬಹುದು. ತಳದಲ್ಲಿ ತಿರುಗಿ ಬಲಗಡೆ ಮೇಲೇರುತ್ತೀರಿ, ಅಲ್ಲಿ ಒತ್ತಿದರೆ ನಿಬ್ಬಿನ ಎರಡು ಎಸಳೂ ಕಾಗದಕ್ಕೆ ಚುಚ್ಚಿಕೊಂಡು ಶಾಯಿ ಸಿಡಿಯುತ್ತದೆ. ಒತ್ತದಿದ್ದರೆ ಎಡಕ್ಕೆ ಮಾತ್ರ ಊದಿಕೊಂಡ, ಬಲಕ್ಕೆ ಸೊರಗಿದ ‘ರ’ ಆಗುತ್ತದೆ. ‘ಠ’, ‘ಅ’, ‘ಸ’, ಯಾವುದೇ ದುಂಡಕ್ಷರ ತೆಗೆದುಕೊಳ್ಳಿ, ಇದೇ ಪಾಡು. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ (ಚೂಪು ಕಡ್ಡಿಯಿಂದ) ಕೊರೆದು ಬೆಳೆದ ಲಿಪಿ ನಮ್ಮದು. ಅದರಲ್ಲಿ ದಪ್ಪ-ತೆಳುವಿನ ಆಟ ಹುಟ್ಟಿನಿಂದ ಬಂದದ್ದಲ್ಲ.

ಕಟ್ ನಿಬ್ಬಿನ ಲೆಕ್ಕವೇ ಬೇರೆ. ಬೋರ್ಡು ಬರೆಯುವವರು, ಮದುವೆ ಕಾಗದ, ಪ್ರಮಾಣಪತ್ರಕ್ಕೆ ಹೆಸರು ಬರೆದುಕೊಡುವವರು ಬಳಸುವ ಚಪ್ಪಟೆ ತುದಿ. ಇದರಲ್ಲಿ ದಪ್ಪ ಬರುವುದು ಒತ್ತಡದಿಂದಲ್ಲ, ತುದಿಯನ್ನು ಹಿಡಿದ ಕೋನದಿಂದ. ಸುಮಾರು 30 ಡಿಗ್ರಿಯಲ್ಲಿ ಹಿಡಿದು ಅದೇ ‘ರ’ ಬರೆಯಿರಿ. ಕೆಳಗಿಳಿದರೂ ದಪ್ಪ, ಮೇಲೇರಿದರೂ ದಪ್ಪ, ತಳದಲ್ಲಿ ತಿರುಗುವಾಗ ತಾನಾಗಿಯೇ ತೆಳು. ತಲೆಕಟ್ಟಿನ ಕೊನೆಯಲ್ಲಿ ಬಲಕ್ಕೆ ಮೇಲೆ ಎತ್ತಿ ಬಿಟ್ಟಾಗ ಗೆರೆ ಕೂದಲಾಗಿ ಮುಗಿಯುತ್ತದೆ. ಒತ್ತಬೇಕಾಗಿಯೇ ಇಲ್ಲ.

ಹಾಗಾಗಿ ಕನ್ನಡ ಬರೆಯಲು ಹಳೆ ಪೆನ್ನು ಹುಡುಕುವವರು ವಾಟರ್‌ಮನ್ 52ಕ್ಕೆ ಸಾವಿರಾರು ರೂಪಾಯಿ ಸುರಿಯುವ ಬದಲು ಎಸ್ಟರ್‌ಬ್ರುಕ್ 2312 ಅಥವಾ 2284 ನೋಡಿ. ಅದೂ ಬೇಡ ಅಂದರೆ ತುದಿಯ ಗಟ್ಟಿ ಲೋಹದ ಇರಿಡಿಯಂ ಗುಂಡು ಉದುರಿಹೋದ, ಯಾರಿಗೂ ಬೇಡವಾದ ಸ್ಟೀಲ್ ನಿಬ್ಬು ತೆಗೆದುಕೊಳ್ಳಿ. ತುದಿಯನ್ನು ನೆಟ್ಟಗೆ ಕತ್ತರಿಸಿ, ನುಣುಪಾದ ಸಾಣೆಕಲ್ಲಿನ ಮೇಲೆ ನೀರು ಹಾಕಿ ಮೆಲ್ಲಗೆ ಉಜ್ಜಿ. ಮೇಲಿನ ಅಂಚು ಚೂಪಾಗಿರಲಿ, ಎರಡು ಮೂಲೆ ಮಾತ್ರ ಸ್ವಲ್ಪ ದುಂಡಗೆ ಮಾಡಿ, ಇಲ್ಲದಿದ್ದರೆ ಕಾಗದ ಕೀಳುತ್ತದೆ. ಪ್ರತಿ ಹತ್ತಿಪ್ಪತ್ತು ಉಜ್ಜಿಗೊಮ್ಮೆ ಬರೆದು ನೋಡಿ, ಏಕೆಂದರೆ ಹೋದ ಲೋಹ ವಾಪಸ್ ಬರುವುದಿಲ್ಲ. 

ಅಗಲ ಎಷ್ಟಿರಬೇಕು? ಅಕ್ಷರದ ಎತ್ತರ ನಿಬ್ಬಿನ ಅಗಲದ ಐದಾರು ಪಟ್ಟು ಇದ್ದರೆ ಚೆಂದ. 1.1 ಮಿಲಿಮೀಟರ್ ನಿಬ್ಬಿಗೆ ಸುಮಾರು 6 ಮಿಲಿಮೀಟರ್ ಅಕ್ಷರ. ಅದಕ್ಕಿಂತ ಚಿಕ್ಕದು ಬರೆದರೆ ‘ಖ’, ‘ಣ’ಗಳ ಹೊಟ್ಟೆ ಶಾಯಿಯಿಂದ ತುಂಬಿ ಮುಚ್ಚಿಹೋಗುತ್ತದೆ. ಸಾಲಿನ ನಡುವೆ ಧಾರಾಳವಾಗಿ ಜಾಗ ಬಿಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುವುದು ಕನ್ನಡದಲ್ಲಿ ನಿತ್ಯದ ಜಗಳ.

ಚಿತ್ರ, ನೀರು, ಬ್ಲೀಚು, ಅಡುಗೆಮನೆ

ಸ್ಕೆಚ್ಚು ಬಿಡಿಸಿ ಮೇಲೆ ಜಲವರ್ಣ ಹಚ್ಚಬೇಕು ಅಂದರೆ ಗೆರೆ ಕರಗಬಾರದು. ಕಣದ ಶಾಯಿ ಬೇಕು: ಪ್ಲಾಟಿನಂ ಕಾರ್ಬನ್, ಸೇಲರ್ ಕಿವಾಗುರೋ ಇಂಥವು. ಪೆನ್ನು ಎಬೋನೈಟ್ ಡ್ರಾಪರ್ ಅಥವಾ ಪಾರ್ಕರ್ 45. ವಾರಗಟ್ಟಲೆ ಮುಟ್ಟದೆ ಬಿಡುವುದಾದರೆ ಖಾಲಿ ಮಾಡಿ ತೊಳೆದಿಡಿ. ಒರಟು ಜಲವರ್ಣ ಕಾಗದದ ನಾರು ನಿಬ್ಬಿನ ಸೀಳಿಗೆ ಸಿಕ್ಕಿಕೊಂಡು ಗೆರೆ ಎರಡಾಗುತ್ತದೆ, ನುಣುಪು ಕಾಗದ ತೆಗೆದುಕೊಳ್ಳಿ.

ಗೆರೆ ಕರಗಲಿ ಅನ್ನುವುದಾದರೆ ಇನ್ನೂ ಮಜಾ ಇದೆ, ಅದೂ ಸಾದಾ ಶಾಯಿಯಲ್ಲಿ, ಯಾವ ಪೆನ್ನಿಗೂ ಅಪಾಯವಿಲ್ಲದೆ. ಪಾರ್ಕರ್ ಕಂಪನಿಯ ಕಪ್ಪು ಕ್ವಿಂಕ್ ಶಾಯಿ ತುಂಬಿ ಗೆರೆ ಎಳೆಯಿರಿ. ಒದ್ದೆ ಬ್ರಷ್ಷಿನಿಂದ ಒಂದು ಅಂಚನ್ನು ಮಾತ್ರ ಸವರಿ. ಕಪ್ಪು ಒಡೆದು ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಮ್ಮಣ್ಣಿನ ಬಣ್ಣ ಜಾರುತ್ತದೆ. ಒಂದೇ ಬಾಟಲಿಯಲ್ಲಿ ನೆರಳೂ ಬಿಸಿಲೂ ಸಿಕ್ಕಂತಾಯಿತು. ಇದಕ್ಕೆ 51 ಸಾಕು, ಪೆಲಿಕಾನ್ ಇದ್ದರೆ ಇನ್ನೂ ಒಳ್ಳೆಯದು, ಗೆರೆ ಹಸಿಯಿದ್ದಷ್ಟೂ ಬಣ್ಣ ಜಾಸ್ತಿ ಒಡೆಯುತ್ತದೆ.

ಇದೇ ಶಾಯಿಯನ್ನು ಕಾಗದದ ತುಂಬ ಬಳಿದು, ಒಣಗಿಸಿ, ಅದರ ಮೇಲೆ ಬಟ್ಟೆಗೆ ಹಾಕುವ ಬ್ಲೀಚ್ ದ್ರವದಲ್ಲಿ ಬರೆದರೆ ಕಪ್ಪಿನ ಮೇಲೆ ಚಿನ್ನದ ಬಣ್ಣದ ಗೆರೆ ಏಳುತ್ತದೆ. ಎಳೆದ ತಕ್ಷಣ ಬರೀ ಒದ್ದೆ ಕಾಣುತ್ತದೆ, ನೋಡನೋಡುತ್ತಲೇ ಕಂದಾಗಿ, ಹಳದಿಯಾಗಿ, ಬ್ಲೀಚು ದಪ್ಪಗೆ ನಿಂತ ಕಡೆ ಬಿಳಿಗೂ ತಿರುಗುತ್ತದೆ. ರಾತ್ರಿಯ ಬೀದಿ ದೀಪ ಬಿಡಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಆದರೆ ಬ್ಲೀಚು ಲೋಹ ತಿನ್ನುತ್ತದೆ. ಯಾವ ಪೆನ್ನಿಗೂ ತುಂಬಬೇಡಿ, ಒಳ್ಳೆಯ ನಿಬ್ಬನ್ನು ಅದ್ದಲೂಬೇಡಿ. ಬಿದಿರು ಕಡ್ಡಿ ಚೂಪು ಮಾಡಿಕೊಳ್ಳಿ, ಅಥವಾ ಎಸೆಯಲಿದ್ದ ಸ್ಟೀಲ್ ನಿಬ್ಬು ಬಳಸಿ. ಇನ್ನೊಂದು, ಇದು ತಮಾಷೆಯಲ್ಲ: ಕಟ್ಟಿಕೊಂಡ ಪೆನ್ನು ತೊಳೆಯಲು ಕೆಲವರು ನೀರಿಗೆ ಸ್ವಲ್ಪ ಅಮೋನಿಯಾ ಸೇರಿಸುತ್ತಾರೆ. ಅದೂ ಬ್ಲೀಚೂ ಒಂದೇ ಮೇಜಿನ ಮೇಲೆ ಇರಬಾರದು. ಎರಡೂ ಬೆರೆತರೆ ವಿಷದ ಗಾಳಿ ಏಳುತ್ತದೆ. ಕಿಟಕಿ ತೆರೆದಿಡಿ, ಮಕ್ಕಳನ್ನು ದೂರವಿಡಿ.

ಅಡುಗೆಮನೆಯ ಶಾಯಿಗಳಿಗೆ ಅದ್ದುವ ಪೆನ್ನು ಮಾತ್ರ, ತುಂಬುವುದು ಬೇಡ. ಕಾಫಿ ಡಿಕಾಕ್ಷನ್ ಸಕ್ಕರೆಯಿಲ್ಲದೆ, ದಪ್ಪಗೆ, ಬಟ್ಟೆಯಲ್ಲಿ ಸೋಸಿದ್ದಾದರೆ ಒಳ್ಳೆ ಕಂದು ಕೊಡುತ್ತದೆ. ಬಾಟಲಿಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಬೀಟ್‌ರೂಟ್, ಅರಿಸಿನ ಎರಡೂ ಬೆಳಕಿಗೆ ಬೇಗ ಮಾಸುತ್ತವೆ, ಫ್ರೇಮು ಹಾಕಿಸುವ ಆಸೆ ಬಿಡಿ. ಉಳಿಯಬೇಕು ಅಂದರೆ ಅಳಲೆಕಾಯಿ ಜಜ್ಜಿ ಕುದಿಸಿ, ಸೋಸಿ, ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ. ಬರೆದಾಗ ಪೇಲವ, ಗಾಳಿಗೆ ಒಡ್ಡಿಕೊಳ್ಳುತ್ತಾ ಕಪ್ಪಾಗುತ್ತದೆ. ಕಚೇರಿ ದಾಖಲೆಗಳಿಗೆ ಹಿಂದೆ ಬಳಸುತ್ತಿದ್ದ ಕಬ್ಬಿಣದ ಶಾಯಿಯ ತತ್ವವೂ ಇದೇ. ಹುಳಿ ಇರುವುದರಿಂದ ಸ್ಟೀಲ್ ನಿಬ್ಬು ತುಕ್ಕು ಹಿಡಿಯುತ್ತದೆ, ಚಿನ್ನಕ್ಕೆ ಏನೂ ಆಗುವುದಿಲ್ಲ. ಹಾಗಾಗಿ ಚೀಲ ಸತ್ತ ಚಿನ್ನದ ನಿಬ್ಬಿನ ಲಿವರ್ ಪೆನ್ನು ಇಲ್ಲಿ ಗೆಲ್ಲುತ್ತದೆ. ತಳದ ಗಷ್ಟು ಫೀಡಿಗೆ ಹೋಗದಂತೆ ಮೇಲಿನ ತಿಳಿಯಲ್ಲಿ ಮಾತ್ರ ಅದ್ದಿ. (ಮೈಸೂರಿನಲ್ಲಿ ತಯಾರಾಗುವ ಚುನಾವಣೆ ಶಾಯಿ ಹಾಕಬಹುದಾ ಅಂತ ಕೇಳುವವರೂ ಇದ್ದಾರೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಬೆರಳಿಗಷ್ಟೇ ಸಾಕು ಬಿಡಿ.)

ನಿಬ್ಬು ಬಗ್ಗಿಸುವ ವಿಷಯ. ತುದಿಯಿಂದ ಒಂದೆರಡು ಮಿಲಿಮೀಟರ್ ಹಿಂದೆ, ಸಣ್ಣ ದುಂಡು ಸರಳಿನ ಮೇಲಿಟ್ಟು ಮೇಲ್ಮುಖವಾಗಿ ಬಗ್ಗಿಸಿದರೆ, ಪೆನ್ನು ನೆಟ್ಟಗೆ ಹಿಡಿದಾಗ ತೆಳು, ಮಲಗಿಸಿದಾಗ ಬ್ರಷ್ಷಿನಷ್ಟು ದಪ್ಪ ಗೆರೆ. ಕಟ್ಟಡ, ಮರ ಬಿಡಿಸುವವರಿಗೆ ಇದೊಂದೇ ನಿಬ್ಬು ಸಾಕಾಗುತ್ತದೆ. ಇದನ್ನು ಆಂಬಿಷಿಯಸ್ಸಿನಂಥ ಅಗ್ಗದ ಸ್ಟೀಲ್ ನಿಬ್ಬಿನ ಮೇಲೆ ಮಾಡಿ. ಹಳೆ ಚಿನ್ನದ ನಿಬ್ಬನ್ನು ಇಕ್ಕಳದಲ್ಲಿ ಹಿಡಿಯುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಬಗ್ಗಿಸುವ ಗೋಜೇ ಬೇಡ, ತಿರುಗಿಸಿ ಹಿಡಿದೇ ಎರಡು ಬಗೆ ಗೆರೆ ಬೇಕು ಅನ್ನುವವರಿಗೆ 1940ರ ದಶಕದ ಶೆಫರ್ ಟ್ರಯಂಫ್ ಇದೆ. ಅದರ ತುದಿ ಕಾರ್ಖಾನೆಯಿಂದಲೇ ಸ್ವಲ್ಪ ಮೇಲಕ್ಕೆ ಎತ್ತಿದೆ, ಹಾಗಾಗಿ ಬೆನ್ನು ಕೆಳಗೆ ಮಾಡಿ ಬರೆದರೂ ಕೆರೆಯದೆ ಸಣ್ಣ ಗೆರೆ ಕೊಡುತ್ತದೆ.

ಕೊಳ್ಳುವ ಮುಂಚೆ

ಚಿಕ್ಕಪೇಟೆ ಕಡೆಯ ಸಂಡೇ ಬಜಾರಾಗಲಿ, ಆನ್‌ಲೈನಾಗಲಿ, ಅಜ್ಜನ ಪೆಟ್ಟಿಗೆಯಾಗಲಿ, ಸಿಕ್ಕಿದ ಕೂಡಲೇ ಸನ್ನೆ ಎತ್ತಬೇಡಿ, ಪಿಸ್ಟನ್ ತಿರುಗಿಸಬೇಡಿ. ಬಿಗಿಯಾಗಿದ್ದರೆ ಒಳಗಿನ ಚೀಲವೋ ಕಾರ್ಕೋ ಕಲ್ಲಾಗಿದೆ ಅಂತ ಅರ್ಥ, ಬಲ ಹಾಕಿದರೆ ಮೈ ಸೀಳುತ್ತದೆ. ಅಲ್ಲಾಡಿಸಿ ನೋಡಿ, ಒಳಗೆ ಒಣ ತುಂಡು ಗಲಗಲ ಅಂದರೆ ಚೀಲ ಹೋಗಿದೆ. ಅದ್ದುವ ಪೆನ್ನು ಬೇಕಾಗಿದ್ದರೆ ಅದೇ ನೆಪದಲ್ಲಿ ಬೆಲೆ ಇಳಿಸಿ ಅಂತ ಕೇಳಿ. ಮುಚ್ಚಳದ ಬಾಯಲ್ಲಿ ಕೂದಲಿನಷ್ಟು ಬಿರುಕಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ನಿಬ್ಬಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ, ಎರಡು ಎಸಳಿನ ಮೇಲೂ ಗುಂಡು ಇದೆಯಾ, ಎರಡೂ ಒಂದೇ ಮಟ್ಟದಲ್ಲಿವೆಯಾ. ಗುಂಡು ಇಲ್ಲದಿದ್ದರೆ ಬರವಣಿಗೆಗೆ ಬೇಡ, ಕಟ್ ನಿಬ್ಬಿಗೆ ಆದೀತು.

ಮತ್ತು ಮಾರುವವರು ‘ಕೆಲಸ ಮಾಡುತ್ತೆ ಸಾರ್’ ಅಂದರೆ ನೀರು ತುಂಬಿಸಿ ತೋರಿಸಿ ಅನ್ನಿ. ಶಾಯಿಯಲ್ಲಿ ಬರೆದು ತೋರಿಸಿದ್ದು ಸುಮ್ನೆ ಅದ್ದಿ ಬರೆದದ್ದಾಗಿರುತ್ತದೆ.